ಬೀಟಾ ಎಷ್ಟು ಬಂತು

ಹೋದ ಶ್ರಾವಣದ ಒಂದು ಬೆಳಿಗ್ಗೆ ಸಿಂದಗಿ ನಿಲ್ದಾಣದಲ್ಲಿ ಒಬ್ಬ ಹೆಣ್ಣುಮಗಳು ನನ್ನ ಬಸ್ಸು ಹತ್ತಿದಳು. ಎಡಗೈಯನ್ನು ಮೊಣಕೈ ಹತ್ತಿರ ಮಡಚಿ ಎದೆಗೆ ಒತ್ತಿ ಹಿಡಿದಿದ್ದಳು. ಟಿಕೆಟ್ ಕೊಡಲು ಬಗ್ಗಿದಾಗ ಆ ಕೈಯಿಂದ ಸ್ಪಿರಿಟ್ಟಿನ ವಾಸನೆ ಬಂತು. ಈಗಷ್ಟೇ ಯಾವುದೋ ಲ್ಯಾಬಿನಲ್ಲಿ ರಕ್ತ ಕೊಟ್ಟು ಬಂದಿದ್ದಳು. ಹತ್ತಿಯ ತುಣುಕು ಇನ್ನೂ ಕೈಯ ಮಡಿಕೆಯಲ್ಲೇ ಇತ್ತು. ಯಾವ ಊರಿಗೆ ಎಂದು ಕೇಳಬೇಕಾದವಳು ನಾನು, "ರಿಪೋರ್ಟ್ ಯಾವಾಗ ಕೊಡ್ತಾರಂತ್ರಿ?" ಎಂದು ಕೇಳಿಬಿಟ್ಟೆ.

ಆಕೆ ನನ್ನ ಮುಖ ನೋಡಿದಳು. "ಸಂಜಿಕ ಅಂದಾರ್ರಿ. ಸಕ್ಕರಿ ಐತೇನಂತ ನೋಡಾಕ ತಗೊಂಡಾರ್ರಿ" ಎಂದಳು.

ಬರೀ ಸಕ್ಕರೆ. ನಾನು ಬಾಗಿಲ ಹತ್ತಿರ ಹೋಗಿ ಕಂಬಿ ಹಿಡಿದು ನಿಂತೆ. ದೇವರ ಹಿಪ್ಪರಗಿ ಬರುವವರೆಗೂ ಆ ವಾಸನೆ ಮೂಗಿನಿಂದ ಹೋಗಲಿಲ್ಲ. ಕಿಟಕಿಯ ಆಚೆ ತೊಗರಿ ಮೊಣಕಾಲುದ್ದ ಬಂದಿತ್ತು. ಆ ವರ್ಷವೂ ಹೀಗೆಯೇ ಬಂದಿತ್ತು.

ಆ ವರ್ಷ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾಗಿ ಹೆಚ್ಚು ದಿನ ಆಗಿರಲಿಲ್ಲ. ಸಿಂದಗಿಯಿಂದ ದೇವರ ಹಿಪ್ಪರಗಿ, ಬಸವನ ಬಾಗೇವಾಡಿ ಮೇಲೆ ಮುದ್ದೇಬಿಹಾಳ, ಅಲ್ಲಿಂದ ನಾಲತವಾಡ. ಅದು ನಮ್ಮ ಬಸ್ಸಿನ ದಾರಿ. ಸಿದರಾಯ ಕಾಕಾ ಡ್ರೈವರ್, ನಾನು ಕಂಡಕ್ಟರ್. ಬಸ್ಸಿನ ತುಂಬ ಹೆಂಗಸರು, ಮಡಿಲಲ್ಲಿ ಕೂಸುಗಳು, ಕಾಲಡಿಯಲ್ಲಿ ಸಂತೆಯ ಚೀಲಗಳು. ನನ್ನ ತವರು ಇಂಡಿ ಹತ್ತಿರ. ಅಪ್ಪನಿಗೆ ನಿಂಬೆಯ ತೋಟವಿದೆ. ನನ್ನನ್ನು ಕೊಟ್ಟದ್ದು ದೇವರ ಹಿಪ್ಪರಗಿಗೆ. ಗಂಡ ಭೀಮಾಶಂಕರ ಅಲ್ಲಿಯೇ ಬೋರ್‌ವೆಲ್ ಮೋಟಾರು ಸುತ್ತುವ ಅಂಗಡಿ ಇಟ್ಟುಕೊಂಡಿದ್ದರು. ಅತ್ತೆ ಮಾಳವ್ವ ಹುಟ್ಟಿದಾಗಿನಿಂದ ಕುರಿಗಳ ನಡುವೆ ಬೆಳೆದವರು. ಮಾವ ತೀರಿಕೊಂಡ ಮೇಲೂ ಹಟ್ಟಿಯನ್ನು ಬಿಟ್ಟಿರಲಿಲ್ಲ.

ಮದುವೆಯಾಗಿ ನಾಲ್ಕು ವರ್ಷಕ್ಕೆ ನಾನು ಬಸುರಾದೆ. ಮೃಗಶಿರಾ ಮಳೆ ಬಿದ್ದು ಹೊಲಗಳಲ್ಲಿ ಬಿತ್ತನೆ ನಡೆದಾಗ ನನಗೆ ಮೂರನೆಯ ತಿಂಗಳು. ಮೂರು ತಿಂಗಳು ತುಂಬುವ ಮೊದಲೇ ಹೊಟ್ಟೆ ಐದು ತಿಂಗಳಿನಷ್ಟು ದೊಡ್ಡದಾಯಿತು, ಅನ್ನ ನೋಡಿದರೆ ವಾಂತಿ. "ಅವಳಿಜವಳಿ ಅದಾವ" ಎಂದು ಅತ್ತೆ ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು. ಒಂದು ದಿನ ರಕ್ತ ಕಂಡಿತು. ವಿಜಯಪುರಕ್ಕೆ ಓಡಿದೆವು. ಅಲ್ಲಿಯ ಡಾಕ್ಟರಮ್ಮ ಹೊಟ್ಟೆಯ ಮೇಲೆ ಸ್ಕ್ಯಾನಿನ ಯಂತ್ರ ಆಡಿಸುತ್ತ ಆಡಿಸುತ್ತ ಒಂದೇ ಕಡೆ ನಿಲ್ಲಿಸಿದರು.

"ಕೂಸು ಹೆಂಗೈತ್ರಿ?" ಎಂದು ಅತ್ತೆ ಕೇಳಿದರು.

"ಇದು ಕೂಸಲ್ಲವ್ವ" ಎಂದರು ಡಾಕ್ಟರಮ್ಮ. "ಕೂಸಿಗೆ ಅನ್ನ ಕೊಡೋ ಮಾಸು ಇರ್ತೈತಲ್ಲ, ಅದೊಂದ ಬೆಳದೈತಿ. ದ್ರಾಕ್ಷಿ ಗೊನಿ ಹಂಗ. ತೊಳದು ತಗೀಬೇಕು."

ಆಮೇಲೆ ನನ್ನ ಕಡೆ ತಿರುಗಿ, ಶಾಲೆಯ ಹುಡುಗಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದರು. "ಒಂದು ಚೂರು ಉಳದ್ರೂ ಅದು ಮತ್ತ ಬೆಳೀತೈತಿ. ಕ್ಯಾನ್ಸರೂ ಆಗಬಹುದು. ಅದಕ್ಕ ವಾರಕ್ಕೊಮ್ಮಿ ರಕ್ತ ಕೊಡಬೇಕು. ಬಸುರಿದ್ದಾಗ ರಕ್ತದಾಗ ಬೀಟಾ ಎಚ್‌ಸಿಜಿ ಅಂತ ಒಂದು ಬರ್ತೈತಿ. ಅದು ಇಳದು ಇಳದು ಇಲ್ಲದಂಗ ಆಗಬೇಕು. ಏರಿತು ಅಂದ್ರ ಒಳಗ ಏನೋ ಬೆಳ್ಯಾಕತ್ತೈತಿ ಅಂತ ಅರ್ಥ. ನಾವು ಹೇಳೂತನಕ ಮತ್ತ ಬಸುರಾಗಬ್ಯಾಡ ತಂಗಿ. ಬಸುರಾದ್ರ, ಬೀಟಾ ಕೂಸಿಗೆ ಏರಿತೋ ಜಡ್ಡಿಗೆ ಏರಿತೋ ಅನ್ನೂದು ನಮಗ ತಿಳ್ಯಾಂಗಿಲ್ಲ."

ಗರ್ಭ ತೊಳೆದು ಮನೆಗೆ ಕಳಿಸಿದರು. ಮನೆಯಲ್ಲಿ ಅತ್ತೆ ನನ್ನ ಪಕ್ಕದಲ್ಲಿ ಕುಳಿತು ಕಾಲು ಒತ್ತಿದರು. ಆಮೇಲೆ, "ನಮ್ಮ ಹಟ್ಟಿಯಾಗೂ ಒಂದು ಆಡಿಗೆ ಹಿಂಗ ಆಗಿತ್ತವಾ. ಹೊಟ್ಟಿ ಇಷ್ಟ ದೊಡ್ಡದು ಮಾಡ್ಕೊಂಡು ಕಡೀಕ ಬರೇ ನೀರು ಹಾಕಿತು. ಮರಿನ ಇರ್ಲಿಲ್ಲ" ಎಂದರು.

"ಆ ಆಡು ಏನಾತ್ರಿ?"

"ಏನಾಗ್ತೈತಿ, ಬದುಕಿತು. ಮುಂದಿನ ವರ್ಸ ಎರಡು ಮರಿ ಹಾಕಿತು."

ಆ ಆಡನ್ನು ಅದೇ ವಾರ ಕಟುಕರಿಗೆ ಕೊಟ್ಟಿದ್ದರು ಎಂದು ಗಂಡ ಎಷ್ಟೋ ದಿನಗಳ ಮೇಲೆ ನನಗೆ ಹೇಳಿದರು. ಅಷ್ಟು ಹೊತ್ತಿಗೆ ನಾನು ಅತ್ತೆಯ ಮೇಲೆ ಸಿಟ್ಟಾಗುವ ಸ್ಥಿತಿಯಲ್ಲಿರಲಿಲ್ಲ.

ವಾರಕ್ಕೊಮ್ಮೆ ಸಿಂದಗಿಯ ಒಂದು ಲ್ಯಾಬಿನಲ್ಲಿ ರಕ್ತ ಕೊಡತೊಡಗಿದೆ. ಬೆಳಗಿನ ಬಸ್ಸು ಹೊರಡುವ ಮೊದಲು ಹೋಗಿ ಕೈ ಚಾಚುವುದು, ಹತ್ತಿ ಒತ್ತಿಕೊಂಡು ಬಂದು ಟಿಕೆಟ್ ಯಂತ್ರ ಹಿಡಿಯುವುದು. ಸಂಜೆಯ ಹೊತ್ತಿಗೆ ಫೋನಿಗೆ ಸಂಖ್ಯೆ ಬರುತ್ತಿತ್ತು. ಮೊದಲು ಲಕ್ಷದ ಮೇಲಿತ್ತು. ಇಳಿಯಿತು. ಮತ್ತೂ ಇಳಿಯಿತು. ಸಾವಿರಕ್ಕೆ ಬಂತು, ನೂರಕ್ಕೆ ಬಂತು. ಸಿದರಾಯ ಕಾಕಾ ಸ್ಟೇರಿಂಗ್ ಮೇಲೆ ಕೈ ಇಟ್ಟುಕೊಂಡೇ ಕೇಳುತ್ತಿದ್ದರು, "ಕಸ್ತೂರಿ, ಇಳೀತೇನವಾ?"

"ಇಳದೈತ್ರಿ ಕಾಕಾ."

"ಹಂಗಾರ ಸೀಟಿ ಹೊಡಿ, ಹೋಗೂಣು."

ಸಂಖ್ಯೆ ನೂರಕ್ಕಿಂತ ಕೆಳಗೆ ಬಂದಾಗ ಮನೆಯಲ್ಲಿ ಎಲ್ಲರಿಗೂ ಮುಗಿಯಿತು ಎನ್ನಿಸಿತು. ಆದರೆ ಅದು ಸೊನ್ನೆಗೆ ಬಂದಿರಲಿಲ್ಲ. ಆಷಾಢದ ಗಾಳಿಯಲ್ಲಿ ನಾನು ನಿಜವಾಗಿಯೂ ಬೆಳ್ಳಗಾಗಿದ್ದೆ. "ವಾರ ವಾರ ಕೈ ಚುಚ್ಚಿ ಚುಚ್ಚಿ ಸೊಸಿ ಮೈಯಾಗಿನ ರಗತ ಎಲ್ಲಾ ಬಸದ್ರು. ಸಾಕು ಮಾಡ್ರಿನ್ನ" ಎಂದು ಅತ್ತೆ ಪಟ್ಟು ಹಿಡಿದರು. ಹಬ್ಬದ ರಜೆಗೆ ಬಂದ ಜನ, ಪಂಚಮಿಗೆ ತವರಿಗೆ ಹೋಗುವ ಹೆಂಗಸರು, ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಬಸ್ಸು ಹೊರಡುವ ಮೊದಲು ಲ್ಯಾಬಿಗೆ ಓಡಲೂ ಪುರುಸೊತ್ತು ಸಿಗುತ್ತಿರಲಿಲ್ಲ. ಒಂದು ವಾರ ತಪ್ಪಿತು. ಇನ್ನೊಂದು ವಾರ ತಪ್ಪಿತು. ಶ್ರಾವಣ ಪೂರ್ತಿ ತಪ್ಪಿತು.

ಗಣಪತಿ ಕೂಡ್ರಿಸುವ ಹೊತ್ತಿಗೆ ನನಗೆ ಮತ್ತೆ ವಾಂತಿ ಶುರುವಾಯಿತು.

ಅತ್ತೆ ಮುಖ ಅರಳಿತು. ಅವರೇ ಮೆಡಿಕಲ್ ಅಂಗಡಿಗೆ ಹೋಗಿ ಬಸುರು ನೋಡುವ ಪಟ್ಟಿ ತಂದರು. ಎರಡು ಗೆರೆ ಬಂದವು. ಒಂದೇ ಸಲಕ್ಕೆ, ಎದ್ದು ಕಾಣುವ ಹಾಗೆ, ಕೆಂಪಗೆ. ಅತ್ತೆ ಆ ಪಟ್ಟಿಯನ್ನು ಸೆರಗಿನ ತುದಿಯಲ್ಲಿ ಹಿಡಿದು ದೇವರ ಮುಂದೆ ಇಟ್ಟರು, ನನ್ನ ಬಾಯಿಗೆ ಸಕ್ಕರೆ ಹಾಕಿದರು. ಗಂಡ ಬಾಗಿಲಲ್ಲಿ ನಿಂತಿದ್ದರು. ನಾವು ಎಚ್ಚರದಿಂದಲೇ ಇದ್ದೆವು, ಆದರೆ ಎಚ್ಚರ ತಪ್ಪಿದ್ದೂ ಇತ್ತು. ಅದನ್ನು ನೆನೆಸಿಕೊಂಡು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

"ಬಿಜಾಪುರಕ್ಕ ಹೋಗೂಣೇನು?" ಎಂದು ಗಂಡ ಮೆಲ್ಲಗೆ ಕೇಳಿದರು.

"ಈಗ ಹೋದ್ರ ತಗೀರಿ ಅಂತಾರ್ರಿ. ಬಸುರಾಗಬ್ಯಾಡ ಅಂತ ಮೊದಲ ಹೇಳ್ಯಾರ" ಎಂದೆ. "ಸ್ವಲ್ಪ ದಿನ ತಡೀರಿ. ಕೂಸು ಗಟ್ಟಿಯಾಗ್ಲಿ."

ಅವರು ತಡೆದರು. ಒಳಗೆ ಬೇರೇನೋ ಬೆಳೆಯಬಹುದು ಎಂದ ಡಾಕ್ಟರಮ್ಮನ ಇನ್ನೊಂದು ಮಾತು ಇಬ್ಬರಿಗೂ ನೆನಪಿತ್ತು; ಇಬ್ಬರೂ ಅದನ್ನು ಬಾಯಿಗೆ ತರಲಿಲ್ಲ. ಆ ದಿನಗಳಲ್ಲಿ ನಾನು ಬಹಳ ಸುಖವಾಗಿದ್ದೆ. ಬಸ್ಸಿನಲ್ಲಿ ಯಾರ ಮಡಿಲಲ್ಲಿ ಕೂಸು ಕಂಡರೂ ಕೆನ್ನೆ ಮುಟ್ಟುತ್ತಿದ್ದೆ. ಒಣ ಕೆಮ್ಮು ಬರುತ್ತಿತ್ತು, ಧೂಳಿನದು ಎಂದುಕೊಂಡೆ. ಮುದ್ದೇಬಿಹಾಳದ ಅಂಗಡಿಯೊಂದರಲ್ಲಿ ತೂಗುಹಾಕಿದ್ದ ಹಳದಿ ಕುಲಾವಿಯನ್ನು ದಿನಾ ಕಿಟಕಿಯಿಂದ ನೋಡುತ್ತಿದ್ದೆ.

ನವರಾತ್ರಿಯ ಹೊತ್ತು. ಬಸ್ಸು ಮುದ್ದೇಬಿಹಾಳದಿಂದ ವಾಪಸು ಬರುತ್ತಿತ್ತು. ಗೊಳಸಂಗಿ ದಾಟಿರಬೇಕು, ನಾನು ಹಿಂದಿನ ಸೀಟುಗಳಿಗೆ ಟಿಕೆಟ್ ಕೊಡುತ್ತಿದ್ದೆ. ಕೆಳಹೊಟ್ಟೆಯಲ್ಲಿ ಏನೋ ಕಿತ್ತು ಬಂದ ಹಾಗಾಯಿತು. ಕಾಲ ಮೇಲೆ ಬಿಸಿ ಇಳಿಯಿತು. ಕಂಬಿ ಹಿಡಿದೆ, ಕೈ ಜಾರಿತು. ಖಾಕಿ ಸಮವಸ್ತ್ರ ಮೊಣಕಾಲಿನವರೆಗೆ ಕಪ್ಪಾಗುವುದನ್ನು ನೋಡುತ್ತ ಕೆಳಗೆ ಕುಳಿತೆ.

"ಏ ಡ್ರೈವರ್ರ, ಗಾಡಿ ನಿಲ್ಲಸ್ರಿ! ಕಂಡಕ್ಟರ್ ತಂಗಿಗೆ ರಗತ ಹೊಂಟೈತಿ!" ಎಂದು ಯಾರೋ ಮುದುಕಿ ಕೂಗಿದಳು.

ಸಿದರಾಯ ಕಾಕಾ ಗಾಡಿ ನಿಲ್ಲಿಸಿ, ಎದ್ದು ಬಂದು ಒಮ್ಮೆ ನೋಡಿ, ಮುಖ ತಿರುಗಿಸಿದರು. ಮತ್ತೆ ಸೀಟಿಗೆ ಹೋಗಿ ಕುಳಿತು ಗಟ್ಟಿಯಾಗಿ ಹೇಳಿದರು: "ಗಾಡಿ ಸೀದಾ ಬಾಗೇವಾಡಿ ದವಾಖಾನಿಗೆ ಹೊಂಟೈತಿ. ನಡುವ ಯಾರಿಗೂ ಇಳಿಸಾಂಗಿಲ್ಲ. ಯಾರೂ ಮಾತಾಡಬ್ಯಾಡ್ರಿ."

ಗಂಡಸರೆಲ್ಲ ಮುಂದಕ್ಕೆ ಹೋದರು. ಹೆಂಗಸರು ನನ್ನ ಸುತ್ತ ನಿಂತು ಸೆರಗು ಬಿಚ್ಚಿ ಮರೆ ಮಾಡಿದರು. ಒಬ್ಬಳು ಸಂತೆಯಲ್ಲಿ ಕೊಂಡ ಹೊಸ ಸೀರೆಯ ಮಡಿಕೆ ಬಿಚ್ಚಿ ನನ್ನ ಕಾಲ ನಡುವೆ ಒತ್ತಿದಳು. ನಾನು ಆಕೆಯ ಕೈ ಹಿಡಿದು ಒಂದೇ ಮಾತು ಹೇಳುತ್ತಿದ್ದೆನಂತೆ: "ನನ್ನ ಕೂಸು ಉಳಸ್ರಿ." ಆಕೆ ಯಾರು, ಯಾವ ಊರವಳು, ಇವತ್ತಿಗೂ ನನಗೆ ಗೊತ್ತಿಲ್ಲ.

ಬಾಗೇವಾಡಿಯ ಆಸ್ಪತ್ರೆಯಲ್ಲಿ ರಕ್ತ ನಿಲ್ಲಿಸಿದರು. ಗಂಡ, ಅತ್ತೆ ಬಂದರು. ಸ್ಕ್ಯಾನ್ ಆಯಿತು, ರಕ್ತ ತೆಗೆದರು, ಎದೆಯ ಎಕ್ಸ್‌ರೇ ತೆಗೆದರು. ಕೂಸನ್ನು ನೋಡಲು ಎದೆಯ ಎಕ್ಸ್‌ರೇ ಯಾಕೆ ಎಂದು ನನಗೆ ತಿಳಿಯಲಿಲ್ಲ. ಮಧ್ಯಾಹ್ನದ ಮೇಲೆ ವಯಸ್ಸಾದ ಡಾಕ್ಟರು ಮಂಚದ ಹತ್ತಿರ ಸ್ಟೂಲು ಎಳೆದುಕೊಂಡು ಕುಳಿತರು.

"ಗರ್ಭದಾಗ ಕೂಸಿಲ್ಲವ್ವ. ಆದ್ರ ಬೀಟಾ ಭಾಳ ಏರೈತಿ, ಲಕ್ಷದ ಮ್ಯಾಲ ಐತಿ. ಹಿಂದ ಉಳದದ್ದು ಬೆಳದೈತಿ. ಪುಪ್ಪಸದಾಗೂ ಗಂಟು ಕಾಣಾಕತ್ತಾವ. ನೀವು ತಡಾ ಮಾಡದ ಸೊಲ್ಲಾಪುರಕ್ಕ ಹೋಗ್ರಿ. ಇದಕ್ಕ ಔಷಧ ಐತಿ."

ಅತ್ತೆ ನಂಬಲಿಲ್ಲ. ದೇವರ ಮುಂದಿನಿಂದ ಎತ್ತಿಕೊಂಡು ಬಂದಿದ್ದ ಆ ಪಟ್ಟಿಯನ್ನು ಸೊಂಟದಿಂದ ತೆಗೆದು ಡಾಕ್ಟರ ಮುಂದೆ ಹಿಡಿದರು. "ಎರಡು ಗೆರಿ ಬಂದಾವ್ರಿ ಸಾಹೇಬ್ರ. ಇಲ್ನೋಡ್ರಿ. ರಗತಾನೂ ಬಸುರಿ ಅಂತ ಹೇಳ್ತೈತಿ, ಇದೂ ಬಸುರಿ ಅಂತ ಹೇಳ್ತೈತಿ. ನೀವೊಬ್ರ ಇಲ್ಲ ಅಂತೀರಿ. ಇನ್ನೊಮ್ಮಿ ನೋಡ್ರಿ. ಮಗ್ಗಲಾಗ ಎಲ್ಯರ ಕುಂತಿರ್ತೈತಿ."

ಡಾಕ್ಟರು ಸ್ಟೂಲಿನಿಂದ ಏಳಲಿಲ್ಲ. "ಅವ್ವಾ, ಆ ಪಟ್ಟಿಗೆ ಕೂಸು ಕಾಣಾಂಗಿಲ್ಲ. ಬೀಟಾ ಒಂದ ಗೊತ್ತಾಗ್ತೈತಿ. ಕ್ಯಾನ್ಸರ್ ಗಂಟಿನಿಂದ ಬಂದ್ರೂ ಅದು ಎರಡ ಗೆರಿ ತೋರಸ್ತೈತಿ" ಎಂದರು. ಅತ್ತೆ ಅಲ್ಲಿಯೇ ನೆಲಕ್ಕೆ ಕುಳಿತರು. ಗಂಡ ಗೋಡೆಗೆ ಹಣೆ ಹಚ್ಚಿ ನಿಂತರು. ನನಗೆ ಅಳು ಬರಲಿಲ್ಲ. ಆ ಕೆಮ್ಮು ನೆನಪಾಯಿತು. ಧೂಳು ಎಂದುಕೊಂಡಿದ್ದೆನಲ್ಲ, ಅದು.

ಸೊಲ್ಲಾಪುರದ ಆಸ್ಪತ್ರೆಯಲ್ಲಿ ದಸರೆ ಕಳೆಯಿತು, ದೀಪಾವಳಿ ಕಳೆಯಿತು. ಸುತ್ತಲೂ ಮರಾಠಿ. ನರ್ಸು "ಕಾಳಜಿ ಕರೂ ನಕಾ, ತಾಯಿ", ಚಿಂತೆ ಮಾಡಬೇಡ, ಎನ್ನುತ್ತಿದ್ದಳು. ಮರಾಠಿಯಲ್ಲಿ 'ತಾಯಿ' ಎಂದರೆ ಅಕ್ಕ ಎಂದು ತಿಳಿಯುವವರೆಗೆ ಆ ಮಾತು ಕೇಳಿದಾಗಲೆಲ್ಲ ನಾನು ಮುಖ ಮುಚ್ಚಿಕೊಳ್ಳುತ್ತಿದ್ದೆ. ಔಷಧ ನರದಲ್ಲಿ ಇಳಿಯುವುದು, ವಾರ ಬಿಟ್ಟು ಮತ್ತೆ ಇಳಿಯುವುದು. ಬಾಯಿ ತುಂಬ ಹುಣ್ಣು. ಖಾರವಿಲ್ಲದ ಗಂಜಿಯೂ ಉರಿಯುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಸೋಮವಾರ. ಬೆಳಿಗ್ಗೆ ರಕ್ತ ತೆಗೆಯುತ್ತಿದ್ದರು, ಸಂಜೆ ಬೀಟಾ ಬರುತ್ತಿತ್ತು. ಆ ನಡುವಿನ ಹೊತ್ತು ನಾನು ಬದುಕಿರುತ್ತಿರಲಿಲ್ಲ.

ಪಕ್ಕದ ಮಂಚದಲ್ಲಿ ರೇಣುಕಾ ಇದ್ದಳು, ನಾಲತವಾಡದವಳು. ನನಗಿಂತ ಚಿಕ್ಕವಳು, ಮನೆಯಲ್ಲಿ ಜಂಪರು ಹೊಲಿಯುವವಳು. ಅವಳ ಜೊತೆ ಅವಳ ತಾಯಿ ಯಲ್ಲವ್ವ ಇದ್ದರು. ಅವಳ ಗಂಡ ಗೋವಾದಲ್ಲಿ ಕೆಲಸಕ್ಕಿದ್ದ, ಆಗೊಮ್ಮೆ ಈಗೊಮ್ಮೆ ಬಂದು ಹೋಗುತ್ತಿದ್ದ. ನನಗೆ ಬಂದ ರೋಗವೇ ಅವಳಿಗೂ. ಆದರೆ ಅವಳಿಗೆ ಕೂಸು ಹುಟ್ಟಿತ್ತು. ನೆಟ್ಟಗೆ ಒಂಬತ್ತು ತಿಂಗಳು ತುಂಬಿ, ಗುಂಡಗೆ ಹುಟ್ಟಿದ ಹೆಣ್ಣುಕೂಸು, ಭಾಗ್ಯಾ. ಬಾಣಂತನ ಮುಗಿದರೂ ರಕ್ತ ನಿಲ್ಲಲಿಲ್ಲ. ಹೆರಿಗೆಯ ಸೂತಕ ಎಂದು ತಿಂಗಳುಗಟ್ಟಲೆ ಮನೆಯಲ್ಲೇ ಇಟ್ಟುಕೊಂಡಿದ್ದರು. ಒಬ್ಬರಾದರೂ ರಕ್ತ ಪರೀಕ್ಷೆ ಮಾಡಿಸಿದ್ದರೆ ಆಗಲೇ ತಿಳಿಯುತ್ತಿತ್ತು.

"ನಿಂದು ಕೂಸಿಲ್ಲದ ಬಂದ ಜಡ್ಡು, ನಂದು ಕೂಸಿನ ಬೆನ್ನಿಗೆ ಬಂದ ಜಡ್ಡು. ಇಬ್ರನ್ನೂ ಒಂದ ಮೀಟರಿಗೆ ಹಚ್ಯಾರ ನೋಡಕ್ಕಾ" ಎಂದು ನಗುತ್ತಿದ್ದಳು ರೇಣುಕಾ. ನೀರು ಹೆಚ್ಚು ಕುಡಿದರೆ ರಕ್ತ ತೆಳ್ಳಗಾಗಿ ಬೀಟಾ ಇಳಿಯುತ್ತದೆ ಎಂದು ಅವಳಿಗೆ ಯಾರೋ ಹೇಳಿದ್ದರು. ಸೋಮವಾರ ಬೆಳಿಗ್ಗೆ ನಾವಿಬ್ಬರೂ ಎದುರುಬದುರು ಕುಳಿತು ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದೆವು. ಬಾಯಿಯ ಹುಣ್ಣಿಗೆ ನೀರು ಚುರುಗುಟ್ಟುತ್ತಿತ್ತು. ಡಾಕ್ಟರಿಗೆ ತಿಳಿದಾಗ ಬೈದರು. ಅದರಿಂದ ಏನೂ ಆಗದು ಎಂದರು. ನಾವು ಅವರಿಗೆ ಕಾಣದ ಹಾಗೆ ಮತ್ತೂ ಕುಡಿದೆವು. ನನ್ನ ಗಂಡ ಇನ್ನೊಂದು ಕೆಲಸ ಮಾಡಿದರು. ನನ್ನ ರಕ್ತವನ್ನು ಹೊರಗಿನ ಇನ್ನೊಂದು ಲ್ಯಾಬಿಗೂ ಕೊಟ್ಟರು. ಅಲ್ಲಿ ಸಂಖ್ಯೆ ಸ್ವಲ್ಪ ಕಡಿಮೆ ಬಂತು. ಆ ವಾರವೆಲ್ಲ ನಾವು ಆ ಕಡಿಮೆಯದನ್ನೇ ನಂಬಿದೆವು. ಒಂದೊಂದು ಲ್ಯಾಬಿನ ಯಂತ್ರ ಒಂದೊಂದು ತರಹ ಅಳೆಯುತ್ತದೆ, ಒಂದೇ ಕಡೆ ನೋಡಿದರೆ ಮಾತ್ರ ಏರಿತೋ ಇಳಿಯಿತೋ ತಿಳಿಯುತ್ತದೆ ಎಂದು ಡಾಕ್ಟರು ಹೇಳಿದ ಮೇಲೆ ಗಂಡ ಆ ಕಾಗದವನ್ನು ಮುದುಡಿ ಕಿಟಕಿಯಿಂದ ಹೊರಗೆ ಎಸೆದರು.

ಸಂಜೆ ಆಯಿತೆಂದರೆ ಯಲ್ಲವ್ವ, ನನ್ನ ಅತ್ತೆ ಇಬ್ಬರೂ ಲ್ಯಾಬಿನ ಕಿಟಕಿಗೆ ಹೋಗಿ ನಿಲ್ಲುತ್ತಿದ್ದರು. ಇಬ್ಬರಿಗೂ ಓದು ಬಾರದು. ಚೀಟಿ ಹಿಡಿದುಕೊಂಡು ಬಂದು ನನ್ನ ಕೈಗೇ ಕೊಡುತ್ತಿದ್ದರು. "ಬೀಟಾ ಎಷ್ಟು ಬಂತು?" ಎಂದು ಆ ಇಡೀ ವಾರ್ಡು ನಮ್ಮನ್ನು ಕೇಳುತ್ತಿತ್ತು, ಮರಾಠಿಯವರೂ ಕನ್ನಡದಲ್ಲಿಯೇ.

ಮೊದಲ ವಾರಗಳಲ್ಲಿ ಇಬ್ಬರದೂ ಇಳಿಯಿತು. ಆಮೇಲೆ ನನ್ನದು ನಿಂತುಬಿಟ್ಟಿತು. ಒಂದು ಸೋಮವಾರ ಇದ್ದಷ್ಟೇ. ಮುಂದಿನ ಸೋಮವಾರ ಒಂದಿಷ್ಟು ಹೆಚ್ಚು. ಡಾಕ್ಟರು ಚೀಟಿಯನ್ನು ಬಹಳ ಹೊತ್ತು ನೋಡಿ, "ಈ ಔಷಧಕ್ಕ ಇದು ಬಗ್ಗಾಕತ್ತಿಲ್ಲ. ಜೋರಂದು ಶುರು ಮಾಡೂಣು" ಎಂದರು. ಜೋರಾದ ಔಷಧ ಬಂತು. ತಲೆಗೂದಲು ದಿಂಬಿನ ಮೇಲೆ ಉಳಿಯತೊಡಗಿತು. ರಕ್ತದಲ್ಲಿ ಬಿಳಿ ಕಣ ಇಳಿದು ಜ್ವರ ಬಂತು. ಯಾರನ್ನೂ ಹತ್ತಿರ ಬಿಡಲಿಲ್ಲ. ಬಾಗಿಲ ಗಾಜಿನ ಆಚೆ ಗಂಡ ನಿಂತಿರುತ್ತಿದ್ದರು. ಒಂದು ಮಧ್ಯಾಹ್ನ ನಾನು ಕೈಸನ್ನೆಯಿಂದ ಅವರನ್ನು ಕರೆದು, ಬಾಗಿಲ ಸಂದಿಯಲ್ಲಿ ಹೇಳಿದೆ: "ನನಗ ಮನಿಗೆ ಒಯ್ರಿ. ಇಲ್ಲಿ ಸಾಯಾಕ ಒಲ್ಲೆ."

"ಎಲ್ಲಿಗೆ ಒಯ್ಲಿ ಕಸ್ತೂರಿ?" ಎಂದರು. ಅಷ್ಟೇ. ಆ ಧ್ವನಿಯಲ್ಲಿ ಅವರು ಅದನ್ನು ಆಗಲೇ ಯೋಚಿಸಿದ್ದರು ಎಂದು ತಿಳಿಯಿತು. ಒಯ್ದರೆ ನಾನು ಬದುಕುವ ಜಾಗ ಬೇರೆಲ್ಲೂ ಇರಲಿಲ್ಲ.

ರೇಣುಕಾಗೂ ಕೂದಲು ಉದುರಿತ್ತು. ನಡುವೆ ಕೆಲವು ದಿನ ಅವಳನ್ನು ಊರಿಗೆ ಕಳಿಸಿದರು, ಕೂಸನ್ನು ನೋಡಿ ಬರಲು. ತಲೆಗೆ ಹಸಿರು ಹೂವಿನ ಬಟ್ಟೆ ಸುತ್ತಿಕೊಂಡು ಹೋದಳು. ಬಂದ ಮೇಲೆ, "ಮೊದಲ ಅಂಜಿತ್ತಕ್ಕಾ. ಆಮ್ಯಾಲ ನನ್ನ ತಲಿ ಮ್ಯಾಲಿನ ಅರಿವಿ ಜಗ್ಗಿ ಜಗ್ಗಿ ನಗಾಕತ್ತಿತು. ಅವ್ವಾ ಅನ್ನಾಕ ಕಲತೈತಿ" ಎಂದು ಹೇಳಿದಳು. ಅದೇ ಬಟ್ಟೆಯ ಅರ್ಧ ಹರಿದು ನನಗೆ ಕೊಟ್ಟಳು. "ನಿನ್ನ ತಲಿ ಥಂಡಿ ಹಿಡೀತೈತಿ. ಕಟ್ಕೋ."

ಆ ವಾರ ಅವಳ ಬೀಟಾ ಏರಿತು. ಚೀಟಿ ನನ್ನ ಕೈಗೆ ಬಂದಾಗ ಯಲ್ಲವ್ವ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಓದಿದೆ. ಅವರು ಇನ್ನೊಮ್ಮೆ ಓದು ಎಂದರು. ಇನ್ನೊಮ್ಮೆ ಓದಿದೆ. ನನ್ನ ಚೀಟಿ ನನ್ನ ಇನ್ನೊಂದು ಕೈಯಲ್ಲಿತ್ತು. ಜೋರಾದ ಔಷಧಕ್ಕೆ ನನ್ನದು ಒಮ್ಮೆಲೇ ಅರ್ಧಕ್ಕೆ ಇಳಿದಿತ್ತು.

ಸಂಕ್ರಾಂತಿ ಆದ ಮೇಲೆ ರೇಣುಕಾಗೆ ತಲೆನೋವು ಶುರುವಾಯಿತು. ಒಂದು ಕಣ್ಣು ಮಸುಕಾಯಿತು. ಮಾತು ತೊದಲಿತು. ರೋಗ ತಲೆಗೆ ಏರಿದೆ ಎಂದರು. ನನ್ನ ಹೆಸರು ಅವಳ ಬಾಯಿಗೆ ಬರುತ್ತಿರಲಿಲ್ಲ, "ಅಕ್ಕಾ, ಎಷ್ಟು?" ಎಂದಷ್ಟೇ ಕೇಳುತ್ತಿದ್ದಳು. ನಾನು ಸುಳ್ಳು ಹೇಳಿದೆ. "ನಿಂದೂ ಇಳದೈತಿ ರೇಣುಕಾ. ನಂದೂ ಇಳದೈತಿ." ಅವಳು ಒಂದೇ ಕಣ್ಣಿನಿಂದ ನನ್ನನ್ನು ನೋಡಿದಳು. ನಂಬಿದಳೋ ಇಲ್ಲವೋ ಗೊತ್ತಿಲ್ಲ.

ಹಿಂಗಾರಿ ಜೋಳದ ರಾಶಿಯ ಹೊತ್ತಿಗೆ, ಒಂದು ಸೋಮವಾರ, ನನ್ನ ಬೀಟಾ ಸಾಮಾನ್ಯ ಮಟ್ಟಕ್ಕೆ ಬಂತು. ಡಾಕ್ಟರೇ ಬಂದು ಹೇಳಿದರು. ಇನ್ನೂ ಔಷಧ ಉಳಿದಿದೆ, ಇನ್ನೂ ಬಹಳ ದಿನ ರಕ್ತ ಕೊಡಬೇಕು, ಆದರೆ ಬಂದಿದೆ ಎಂದರು. ಅತ್ತೆಯ ಬಾಯಿ ತೆರೆಯಿತು. ಅವರು ಹಟ್ಟಿಯ ಹೆಂಗಸು, ಕುರಿ ತಪ್ಪಿದರೂ ಸಿಕ್ಕರೂ ಹೊಲದಾಚೆ ಕೇಳುವ ಹಾಗೆ ಕೂಗಿ ಅಭ್ಯಾಸ. ಆದರೆ ಪಕ್ಕದ ಮಂಚ ಖಾಲಿಯಾಗಿತ್ತು. ರೇಣುಕಾಳನ್ನು ಹಿಂದಿನ ದಿನ ಯಲ್ಲವ್ವ ಊರಿಗೆ ಒಯ್ದಿದ್ದರು, ಜೀವ ಇರುವಾಗಲೇ ಕೂಸಿನ ಹತ್ತಿರ ಇರಲಿ ಎಂದು. ಅತ್ತೆ ತೆರೆದ ಬಾಯಿಗೆ ಸೆರಗು ತುರುಕಿಕೊಂಡು ಆ ಖಾಲಿ ಮಂಚದ ಮೇಲೆ ಕುಳಿತರು. ಅಲ್ಲಿಯೇ, ಸದ್ದಿಲ್ಲದೆ, ಮೈಯೆಲ್ಲ ಅಲುಗಿಸುತ್ತ ಅತ್ತರು. ಅದು ನನಗಾಗಿಯೋ ಆಕೆಗಾಗಿಯೋ ಎಂದು ನಾನು ಎಂದೂ ಕೇಳಲಿಲ್ಲ.

ಎರಡು ದಿನಕ್ಕೆ ರೇಣುಕಾ ತೀರಿಕೊಂಡ ಸುದ್ದಿ ಬಂತು.

ನಾನು ಬದುಕಿದೆ. ಉಳಿದ ಔಷಧ ಮುಗಿಸಿ ಊರಿಗೆ ಬಂದೆ. ಪುಪ್ಪಸದ ಗಂಟುಗಳು ಕರಗಿದವು. ಗರ್ಭಕೋಶವನ್ನು ತೆಗೆಯಲಿಲ್ಲ, ವರ್ಷ ಬಿಟ್ಟು ಪ್ರಯತ್ನ ಮಾಡಬಹುದು ಎಂದರು. ಮಾಡಿದೆವು. ಇಲ್ಲಿಯ ತನಕ ಆಗಿಲ್ಲ. ಮುಟ್ಟು ಒಂದು ದಿನ ತಡವಾದರೂ ನಾನೂ ಗಂಡನೂ ಒಬ್ಬರಿಗೊಬ್ಬರು ಹೇಳಿಕೊಳ್ಳುವುದಿಲ್ಲ. ಬೇರೆ ಹೆಂಗಸರಿಗೆ ಅದು ಆಸೆ. ನನಗೆ ಆಸೆ ಹುಟ್ಟುವ ಮೊದಲೇ ಕೈಕಾಲು ತಣ್ಣಗಾಗುತ್ತವೆ. ಪಟ್ಟಿ ತಂದು ನೋಡುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ. ಸೀದಾ ಹೋಗಿ ರಕ್ತ ಕೊಡುತ್ತೇನೆ, ಸಂಜೆಯವರೆಗೆ ಕಾಯುತ್ತೇನೆ.

ಔಷಧ ಮುಗಿದ ಆ ಬೇಸಿಗೆ ಏರುವ ಹೊತ್ತಿಗೆ ಡ್ಯೂಟಿಗೆ ಮರಳಿದ್ದೆ. ಸಿದರಾಯ ಕಾಕಾ ನನ್ನನ್ನು ನೋಡಿ ಸೀಟಿನಿಂದ ಎದ್ದು ಬಂದರು. ಗಾಡಿ ಹತ್ತುವಾಗ ಕೈ ಕೊಟ್ಟು ಮೇಲೆ ಎಳೆದುಕೊಂಡರು. ಮೊದಲ ದಿನವೇ ನಾಲತವಾಡದ ತನಕ ಹೋಗಬೇಕಿತ್ತು. ಅಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಲ್ಲುತ್ತದೆ. "ಕಾಕಾ, ಇಲ್ಲೇ ಹೋಗಿ ಬರ್ತೇನ್ರಿ" ಎಂದೆ.

"ಹೋಗಿ ಬಾ. ಹೊತ್ತಾದ್ರ ಹಾರ್ನ್ ಹೊಡೀತೇನಿ."

ರೇಣುಕಾಳ ಮನೆ ನಿಲ್ದಾಣದ ಹಿಂದಿನ ಓಣಿಯಲ್ಲಿ. ಕೇಳಿಕೊಂಡು ಹೋದೆ. ಬಾಗಿಲು ತೆರೆದಿತ್ತು. ಪಡಸಾಲೆಯ ಮೂಲೆಯಲ್ಲಿ ಹೊಲಿಗೆ ಯಂತ್ರದ ಮೇಲೆ ಒಂದು ಚಾದರ ಹೊದಿಸಿದ್ದರು. ಯಲ್ಲವ್ವ ಮೊರ ಹಿಡಿದು ಕಾಳು ಹಸನು ಮಾಡುತ್ತಿದ್ದರು. ತಲೆ ಎತ್ತಿ ನನ್ನನ್ನು ನೋಡಿದರು. ಮೊರ ಕೆಳಗಿಟ್ಟರು.

"ಬೀಟಾ ಎಷ್ಟು ಬಂತವಾ?" ಎಂದು ಕೇಳಿದರು.

ಅವರಿಗೆ ನನ್ನನ್ನು ಕೇಳಲು ಬೇರೆ ಮಾತೇ ಇರಲಿಲ್ಲ. ಅಷ್ಟು ತಿಂಗಳು ನಾವು ಆಡಿದ್ದು ಅದೊಂದೇ ಮಾತು. ನಾನು ಹೇಗೆ ಹೇಳಲಿ?

"ಹೇಳವಾ. ನಿಂದಾರ ಕೇಳ್ತೇನಿ."

"ಇಲ್ರಿ ಅವ್ವಾ. ಈಗ ಏನೂ ಇಲ್ರಿ" ಎಂದೆ.

ಅವರು ತಲೆ ಆಡಿಸಿದರು. ಕಣ್ಣೊರೆಸಿಕೊಂಡರು. ಬಾ, ಕೂಡು ಎಂದು ಚಾಪೆ ಹಾಸಿದರು. ಅಷ್ಟರಲ್ಲಿ ಒಳಮನೆಯ ಹೊಸ್ತಿಲ ಮೇಲೆ ಒಂದು ಕೂಸು ಬಂದು ನಿಂತಿತು. ಚೌಕಟ್ಟು ಹಿಡಿದು ಈಗಷ್ಟೇ ನಿಲ್ಲಲು ಕಲಿತಿತ್ತು. ಕಣ್ಣು ಥೇಟ್ ರೇಣುಕಾಳದೇ. ನನ್ನನ್ನು ನೋಡಿತು. ನನ್ನ ಮುಖವನ್ನಲ್ಲ, ತಲೆಯನ್ನು. ನನಗೆ ಇನ್ನೂ ಕೂದಲು ಸರಿಯಾಗಿ ಬಂದಿರಲಿಲ್ಲ. ತಲೆಗೆ ಆ ಹಸಿರು ಹೂವಿನ ಬಟ್ಟೆಯನ್ನೇ ಸುತ್ತಿಕೊಂಡು ಬಂದಿದ್ದೆ.

ಕೂಸು ಚೌಕಟ್ಟು ಬಿಟ್ಟಿತು. ಬಿದ್ದಿತು. ಅಂಬೆಗಾಲಿನಲ್ಲಿ, ಕಾಳಿನ ಮೇಲೆಯೇ ಹಾದು, ಜೋರಾಗಿ ಬಂತು. ನನ್ನ ಮಡಿಲು ಹತ್ತಿ, ಎರಡೂ ಕೈಯಿಂದ ತಲೆಯ ಬಟ್ಟೆ ಹಿಡಿದು ಜಗ್ಗಿತು.

"ಅವ್ವಾ" ಎಂದಿತು.

ನಾನು ಯಲ್ಲವ್ವನ ಕಡೆ ನೋಡಿದೆ. ಅಲ್ಲ ಎಂದು ಹೇಳಲು ಬಾಯಿ ತೆರೆದೆ. ಯಲ್ಲವ್ವ ಕೈ ಅಡ್ಡ ಮಾಡಿದರು.

"ಇರ್ಲಿ ಬಿಡವಾ" ಎಂದರು. "ಒಂದೀಟು ಹೊತ್ತು ಅನ್ಲಿ."

ನಿಲ್ದಾಣದಿಂದ ಹಾರ್ನ್ ಕೇಳಿತು. ಸ್ವಲ್ಪ ಬಿಟ್ಟು ಇನ್ನೊಮ್ಮೆ ಕೇಳಿತು. ಕೂಸು ನನ್ನ ಎದೆಗೆ ಕೆನ್ನೆ ಇಟ್ಟು, ಬಟ್ಟೆಯ ಚುಂಗನ್ನು ಬಾಯಿಗೆ ಹಾಕಿಕೊಂಡಿತ್ತು. ನಾನು ಏಳಲಿಲ್ಲ.